ಆಟದ ಬಯಲಿನಲ್ಲಿ ಕೃತಕ ಶ್ರವಣ
ಶ್ರವಣನರಕ್ಕೆ ವಿದ್ಯುತ್ ಸ್ಪಂದನಗಳನ್ನು ಕಳುಹಿಸಿ ಕಿವುಡರಿಗೆ ಶಬ್ದವನ್ನು ತಿಳಿಸುವ ಸಾಧನವೇ ಕಾಕ್ಲಿಯರ್ ಇಂಪ್ಲಾಂಟ್. ಅದನ್ನು ಪಡೆದವರು ಆಟದ ಬಯಲಿಗೆ ಇಳಿಯಬಹುದೇ? ಧಾರಾಳವಾಗಿ ಇಳಿಯಬಹುದು. ಕಿವಿಯ ಮೇಲಿನ ಯಂತ್ರವೂ, ಅಯಸ್ಕಾಂತದಿಂದ ತಲೆಗೆ ಅಂಟಿದ ಸುರುಳಿಯೂ ಬಿದ್ದು ಒಡೆದರೆ ಬೇರೆ ತರಬಹುದು. ಬೆಲೆ ಮಾತ್ರ ಹಗುರವಲ್ಲ. ಚರ್ಮದಡಿಯಲ್ಲಿ ತಲೆಬುರುಡೆಗೆ ಒತ್ತಿ ಕುಳಿತಿರುವ ಒಳಭಾಗವು ಪೆಟ್ಟಿನಿಂದ ಕೆಟ್ಟರೆ ಮತ್ತೆ ಶಸ್ತ್ರಚಿಕಿತ್ಸೆಯೇ ಗತಿ. ಆದುದರಿಂದಲೇ ಸೈಕಲ್ ಸವಾರಿಗೂ ಕ್ರಿಕೆಟ್ ಬ್ಯಾಟುಗಾರಿಕೆಗೂ ಶಿರಸ್ತ್ರಾಣ ಅಗತ್ಯ. ತಲೆಗೇ ಗುರಿಯಿಡುವ ಮುಷ್ಟಿಯುದ್ಧವನ್ನಂತೂ ವೈದ್ಯರು ಬೇಡವೆನ್ನುತ್ತಾರೆ.

ಜಲನಿರೋಧಕ ಹೊದಿಕೆಯಿಲ್ಲದಿದ್ದರೆ ಈಜುವಾಗ ಹೊರಭಾಗವನ್ನು ತೆಗೆದಿಡಬೇಕು. ತೆಗೆದೊಡನೆ ಸೀಟಿಯೂ ಕೇಳದು, ಎಚ್ಚರಿಕೆಯ ಕೂಗೂ ಕೇಳದು! ಈ ಅಪಾಯವನ್ನು ಜನರು ಅಷ್ಟಾಗಿ ಎಣಿಸುವುದಿಲ್ಲ. 1924ರಲ್ಲಿ ಪ್ಯಾರಿಸಿನಲ್ಲಿ ಮೊದಲಾದ ಕಿವುಡರ ಜಾಗತಿಕ ಕ್ರೀಡಾಕೂಟದಲ್ಲಿ ಸ್ಪರ್ಧೆಯ ವೇಳೆ ಶ್ರವಣಸಾಧನಗಳನ್ನು ಧರಿಸುವಂತಿಲ್ಲ. ಓಟದ ಆರಂಭಕ್ಕೆ ದೀಪ, ಕಾಲ್ಚೆಂಡಾಟದ ತೀರ್ಪುಗಾರನಿಗೆ ಬಾವುಟ. ನಮ್ಮ ಶಾಲೆಗಳ ತೀರ್ಪುಗಾರರ ಕೈಯಲ್ಲಿಯೂ ಸೀಟಿಯೊಡನೆ ಒಂದು ಬಾವುಟವಿರಬಾರದೇಕೆ?