ನೂರು ಎಂಬಿಪಿಎಸ್ ಎಂದರೆ ಎಷ್ಟು?

100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಇಂಟರ್ನೆಟ್ ಸಂಪರ್ಕವಿದ್ದರೂ 100 ಮೆಗಾಬೈಟ್‌ನ ಕಡತ ಇಳಿಯಲು ಕನಿಷ್ಠ 8 ಸೆಕೆಂಡು ಬೇಕು. ಸಂಪರ್ಕ ಕೊಡುವ ಕಂಪನಿ ಎಣಿಸುವುದು ಬಿಟ್‌ಗಳನ್ನು, ಕಂಪ್ಯೂಟರ್ ಕಡತವನ್ನು ಅಳೆಯುವುದು ಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಇದು ದೊಡ್ಡ ಅಂಕಿ ತೋರಿಸಿ ಮಾಡುವ ಮೋಸ ಎನ್ನುವವರಿದ್ದಾರೆ. ಒಪ್ಪುವುದು ಕಷ್ಟ. ಬಿಟ್ ಲೆಕ್ಕ ಮೋಡೆಮ್ ಕಾಲದಿಂದಲೂ ಬಂದ ರೂಢಿ, ಜಾಹೀರಾತಿನವರು ಹುಟ್ಟಿಸಿದ್ದಲ್ಲ. ಅವರಿಗೆ ಅದು ಅನುಕೂಲವಾಯಿತು ಎಂಬುದು ಬೇರೆ ಮಾತು. ನನ್ನ ತಕರಾರು ಒಂದೇ ಅಂಕಿಯನ್ನು ನಂಬುವುದರ ಬಗ್ಗೆ. ವೇಗ ಅಳೆಯುವ ಆ್ಯಪ್ ಸಾಮಾನ್ಯವಾಗಿ ಹತ್ತಿರದ ಸರ್ವರ್ ಜೊತೆ ಮಾತಾಡಿ ಫಲಿತಾಂಶ ಕೊಡುತ್ತದೆ. ನಮಗೆ ಬೇಕಾದ ತಾಣ ಸಮುದ್ರದಾಚೆ ಇರಬಹುದು. ವೇಗ ಸಾಕಷ್ಟಿದ್ದರೂ ವಿಳಂಬ ಏರುಪೇರಾದರೆ ವಿಡಿಯೋ ಕರೆ ತಡವರಿಸುತ್ತದೆ. 2023ರಲ್ಲಿ ಭಾರತ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದ್ದು ಒಳ್ಳೆಯದೇ. ಆದರೂ ಪ್ಲಾನ್ ಆರಿಸುವಾಗ ಅಂಕಿಯನ್ನು ಎಂಟರಿಂದ ಭಾಗಿಸಿ ನೋಡಿ, ಪಿಂಗ್, ಅಂದರೆ ಹೋಗಿಬರುವ ವಿಳಂಬ, ಎಷ್ಟು ಮಿಲಿಸೆಕೆಂಡು ಎಂದೂ ಕೇಳಿ.