ಹ್ಯಾಂಡಲ್ ಮೇಲಿನ ಚಾರ್ಜರಿಗೆ ಕರೆಂಟು ಎಲ್ಲಿಂದ ಬರುತ್ತದೆ?

ಹಳೆಯ ಬೈಕು ಓಡಿಸಿದವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ರಾತ್ರಿ ಹೊತ್ತು ಸಿಗ್ನಲ್‌ನಲ್ಲಿ ನಿಂತರೆ ಹೆಡ್‌ಲೈಟು ಮಂಕಾಗುತ್ತಿತ್ತು, ಆಕ್ಸಿಲರೇಟರ್ ತಿರುವಿದರೆ ಮತ್ತೆ ಝಗ್ಗನೆ ಬೆಳಗುತ್ತಿತ್ತು. ಆ ಗಾಡಿಗಳ ಹೆಡ್‌ಲೈಟಿಗೆ ಬ್ಯಾಟರಿಯ ಹಂಗೇ ಇರಲಿಲ್ಲ. ಎಂಜಿನ್ನಿನ ಮಗ್ಗುಲಲ್ಲಿರುವ ಮ್ಯಾಗ್ನೆಟ್ ಕಾಯಿಲ್‌ನಿಂದ ಅದಕ್ಕೆ ನೇರವಾಗಿ ಕರೆಂಟು ಬರುತ್ತಿತ್ತು. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತದೋ ಬೆಳಕೂ ಅಷ್ಟೇ ಜೋರು. ಈಗಿನ ಬೈಕುಗಳಲ್ಲಿ ಆ ಮಿಣುಕಾಟ ಕಾಣುವುದಿಲ್ಲ. ಆದರೆ ಕರೆಂಟು ಹುಟ್ಟುವ ಬಗೆ ಅಂದಿನದೇ. ಹ್ಯಾಂಡಲ್ ಮೇಲೆ ಮೊಬೈಲ್ ಚಾರ್ಜರ್ ಕೂರಿಸಿಕೊಳ್ಳುವ ಮೊದಲು ಅದನ್ನು ತಿಳಿದುಕೊಂಡಿರುವುದು ಒಳ್ಳೆಯದು.

ಇಂಥ ಚಾರ್ಜರ್ ಈಗ ಶೋಕಿಯ ವಸ್ತುವಲ್ಲ. ಬೆಂಗಳೂರಿನಲ್ಲಿ ಊಟ, ದಿನಸಿ, ಪಾರ್ಸೆಲ್ ತಲುಪಿಸುವವರ ಫೋನು ಬೆಳಗಿನಿಂದ ರಾತ್ರಿಯವರೆಗೆ ಮ್ಯಾಪು ತೋರಿಸುತ್ತಲೇ ಇರಬೇಕು. ಅದು ಆಫ್ ಆದರೆ ಅಂದಿನ ಕೆಲಸವೂ ನಿಂತಂತೆ. 2020ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್, 2022ರ ಹೀರೊ ಸ್ಪ್ಲೆಂಡರ್ ಪ್ಲಸ್ ಎಕ್ಸ್‌ಟೆಕ್ ಮುಂತಾದವುಗಳಲ್ಲಿ ಕಂಪನಿಯೇ ಯುಎಸ್‌ಬಿ ಪೋರ್ಟ್ ಕೊಟ್ಟಿದೆ. ಅದಿಲ್ಲದ ಲಕ್ಷಾಂತರ ಗಾಡಿಗಳು ರಸ್ತೆಯಲ್ಲಿವೆ. ಅವುಗಳ ಮಾಲೀಕರು ಜೆ.ಸಿ. ರಸ್ತೆಯಂಥ ಕಡೆ ಕೆಲವು ನೂರು ರೂಪಾಯಿಗೆ ಚಾರ್ಜರ್ ಕೊಂಡು, ಅಲ್ಲೇ ಯಾರಿಂದಲೋ ಹಾಕಿಸಿಕೊಂಡು ಹೊರಡುತ್ತಾರೆ. ಕೆಲಸ ಸಣ್ಣದೇ. ಆದರೆ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ ಹೊಸದೊಂದು ವೈರು ಎಳೆಯುವ ಕೆಲಸ ಅದು, ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ.

ಮೊದಲು ಕರೆಂಟಿನ ಹುಟ್ಟು. ಎಂಜಿನ್ನಿನ ಕ್ರ್ಯಾಂಕಿಗೆ ಜೋಡಿಸಿದ ಬಟ್ಟಲಿನಾಕಾರದ ಚಕ್ರದ ಒಳಗೋಡೆಗೆ ಕಾಯಂ ಅಯಸ್ಕಾಂತಗಳನ್ನು ಕೂರಿಸಿರುತ್ತಾರೆ. ಅದರ ನಡುವೆ ತಾಮ್ರದ ತಂತಿ ಸುತ್ತಿದ ಕಾಯಿಲ್‌ಗಳು ಅಲುಗಾಡದೆ ಕೂತಿರುತ್ತವೆ. ಚಕ್ರ ತಿರುಗಿದಾಗ ಕಾಯಿಲ್‌ಗಳ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗುತ್ತ ಹೋಗಿ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. ವೇಗ ಹೆಚ್ಚಿದಷ್ಟೂ ವೋಲ್ಟೇಜ್ ಏರುತ್ತದೆ. ಕಡಿವಾಣ ಹಾಕದಿದ್ದರೆ ಹೆದ್ದಾರಿಯ ವೇಗದಲ್ಲಿ ಅದು ಹತ್ತಾರು ವೋಲ್ಟ್ ಮುಟ್ಟಿ ಬಲ್ಬು, ಬ್ಯಾಟರಿ ಎಲ್ಲವನ್ನೂ ಸುಟ್ಟುಹಾಕೀತು. ಆ ಕಡಿವಾಣವೇ ಮೆಕ್ಯಾನಿಕ್‌ಗಳು ಆರ್‌ಆರ್ ಯೂನಿಟ್ ಎಂದು ಕರೆಯುವ ರೆಗ್ಯುಲೇಟರ್-ರೆಕ್ಟಿಫೈಯರ್. ಹಿಂದುಮುಂದಾಗಿ ಹರಿಯುವ ಎಸಿ ವಿದ್ಯುತ್ತನ್ನು ಅದು ಒಂದೇ ದಿಕ್ಕಿನ ಡಿಸಿ ಮಾಡಿ, ಹದಿನಾಲ್ಕು ವೋಲ್ಟ್ ಆಸುಪಾಸಿನಲ್ಲಿ ಹಿಡಿದಿಡುತ್ತದೆ.

ಮನೆಯ ತಾರಸಿ ಮೇಲಿನ ನೀರಿನ ಟ್ಯಾಂಕಿಗೂ ಬೋರ್‌ವೆಲ್ ಪಂಪಿಗೂ ಇರುವ ಸಂಬಂಧವೇ ಇಲ್ಲಿ ಬ್ಯಾಟರಿಗೂ ಮ್ಯಾಗ್ನೆಟ್ ಕಾಯಿಲ್‌ಗೂ ಇದೆ. ಕರೆಂಟಿನ ಮೂಲ ಬ್ಯಾಟರಿಯಲ್ಲ, ಕಾಯಿಲ್. ಬ್ಯಾಟರಿ ಬರಿಯ ದಾಸ್ತಾನು, ಅದೂ ಬಹಳ ಸಣ್ಣದು. ನೂರು ಸಿಸಿ ಆಸುಪಾಸಿನ ಅನೇಕ ಗಾಡಿಗಳಲ್ಲಿ ಇರುವುದು 12 ವೋಲ್ಟ್, 3 ಆಂಪಿಯರ್-ಅವರ್‌ನ ಬ್ಯಾಟರಿ. ಗುಣಿಸಿದರೆ 36 ವಾಟ್-ಅವರ್. ಈಗಿನ 5000 ಎಂಎಎಚ್ ಫೋನಿನ ಬ್ಯಾಟರಿಯಲ್ಲಿ ಸುಮಾರು 19 ವಾಟ್-ಅವರ್ ಹಿಡಿಸುತ್ತದೆ. ದಾರಿಯಲ್ಲಿ ಸೋರುವುದನ್ನೂ ಸೇರಿಸಿದರೆ ಆ ಫೋನನ್ನು ಪೂರ್ತಿ ತುಂಬಲು 23-24 ವಾಟ್-ಅವರ್ ಬೇಕು. ಅಂದರೆ ಎಂಜಿನ್ ಆಫ್ ಮಾಡಿ ಚಾರ್ಜಿಗೆ ಹಾಕಿದರೆ ಒಂದೇ ಒಂದು ಫೋನು ಗಾಡಿಯ ಬ್ಯಾಟರಿಯ ಮೂರನೇ ಎರಡು ಭಾಗವನ್ನು ನುಂಗುತ್ತದೆ. ಆಮೇಲೆ ಸೆಲ್ಫ್ ಒತ್ತಿದರೆ ‘ಟಕ್ ಟಕ್’ ಎನ್ನುವ ಸದ್ದು ಬಿಟ್ಟರೆ ಬೇರೇನೂ ಬರುವುದಿಲ್ಲ. ಕಿಕ್ಕರ್ ಇಲ್ಲದ, ಪೆಟ್ರೋಲ್ ಪಂಪನ್ನೂ ಬ್ಯಾಟರಿಯಿಂದಲೇ ನಡೆಸುವ ಬಿಎಸ್6 ಗಾಡಿಯಾದರೆ ತಳ್ಳಿಕೊಂಡೇ ಹೋಗಬೇಕಾದೀತು.

ಎಂಜಿನ್ ಓಡುತ್ತಿರುವಾಗಿನ ಲೆಕ್ಕ ಬೇರೆ. ಹತ್ತು ವಾಟಿನ ಚಾರ್ಜರ್‌ನಿಂದ ಮೈಲೇಜು ಕಡಿಮೆಯಾಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಇದರ ಉತ್ತರ ತಿಳಿದರೆ ಯಾರಿಗಾದರೂ ಖುಷಿಯಾಗುತ್ತದೆ. ಅಯಸ್ಕಾಂತಗಳು ಕಾಯಂ ಆದ್ದರಿಂದ ಕಾಯಿಲ್‌ನಲ್ಲಿ ಹುಟ್ಟುವ ವಿದ್ಯುತ್ತನ್ನು ಬೇಡವೆಂದಾಗ ನಿಲ್ಲಿಸಲು ಬರುವುದಿಲ್ಲ. ಬಹಳಷ್ಟು ಬೈಕುಗಳ ರೆಗ್ಯುಲೇಟರ್ ಅದಕ್ಕೊಂದು ಒರಟು ಉಪಾಯ ಮಾಡುತ್ತದೆ. ಬ್ಯಾಟರಿ ತುಂಬಿ, ಲೈಟುಗಳಿಗೆ ಬೇಕಾದಷ್ಟು ಸಿಕ್ಕಿದ ಮೇಲೆ ಉಳಿದದ್ದನ್ನು ಕಾಯಿಲ್‌ನ ತುದಿಗಳನ್ನೇ ಪರಸ್ಪರ ಸೇರಿಸಿ ಶಾಖವಾಗಿ ಕಳೆಯುತ್ತದೆ. ಇದನ್ನು ಷಂಟ್ ಮಾದರಿ ಎನ್ನುತ್ತಾರೆ. ದೂರದ ಸವಾರಿ ಮುಗಿಸಿದ ಕೂಡಲೇ ಆರ್‌ಆರ್ ಯೂನಿಟ್ಟಿನ ಬಳಿ ಕೈ ಹಿಡಿದು ನೋಡಿ, ಮುಟ್ಟಲಾಗದಷ್ಟು ಕಾದಿರುತ್ತದೆ. ಅದರ ಮೈತುಂಬ ಅಲ್ಯೂಮಿನಿಯಂ ರೆಕ್ಕೆಗಳಿರುವುದು, ಅದನ್ನು ಗಾಳಿ ಬಡಿಯುವ ಜಾಗದಲ್ಲಿ ಕೂರಿಸಿರುವುದು ಈ ಬಿಸಿಗಾಗಿಯೇ. ಷಂಟ್ ರೆಗ್ಯುಲೇಟರ್ ಇರುವ ಗಾಡಿ ಒಳ್ಳೆಯ ವೇಗದಲ್ಲಿ ಓಡುವಾಗ ನಿಮ್ಮ ಫೋನು ತುಂಬಿಸಿಕೊಳ್ಳುವುದು ಹೇಗೂ ಬಿಸಿಯಾಗಿ ಹೋಗುತ್ತಿದ್ದ ವಿದ್ಯುತ್ತನ್ನು. ಪೆಟ್ರೋಲಿನ ಲೆಕ್ಕದಲ್ಲಿ ಅದು ಬಹುತೇಕ ಪುಕ್ಕಟೆ. ಬೇರೆ ಮಾದರಿಯ ರೆಗ್ಯುಲೇಟರ್ ಇದ್ದರೂ ಗಂಟೆಗೆ ಕೆಲವು ಮಿಲಿಲೀಟರಿಗಿಂತ ಹೆಚ್ಚು ಖರ್ಚಾಗದು.

ಟ್ರಾಫಿಕ್ಕಿನಲ್ಲಿ ಮಾತ್ರ ಈ ಉದಾರತೆ ಇಲ್ಲ. ಐಡ್ಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ ಸಾವಿರದ ಮುನ್ನೂರು-ನಾನೂರು ಸುತ್ತಿಗಿಂತ ಹೆಚ್ಚು ತಿರುಗುವುದಿಲ್ಲ, ಉತ್ಪಾದನೆ ಬಹಳ ಇಳಿಯುತ್ತದೆ. 2017ರ ಏಪ್ರಿಲ್‌ನಿಂದ ನಮ್ಮಲ್ಲಿ ತಯಾರಾಗುವ ದ್ವಿಚಕ್ರ ವಾಹನಗಳ ಹೆಡ್‌ಲೈಟನ್ನು ಆರಿಸುವಂತಿಲ್ಲ. ಹ್ಯಾಲೋಜನ್ ಬಲ್ಬಿದ್ದರೆ 35 ವಾಟ್ ಅಲ್ಲೇ ಹೋಯಿತು. ಬ್ರೇಕ್ ಲೈಟು, ಇಂಡಿಕೇಟರ್, ಇಗ್ನಿಷನ್, ಪೆಟ್ರೋಲ್ ಪಂಪು ಎಲ್ಲ ಸೇರಿದರೆ ಆದಾಯಕ್ಕಿಂತ ಖರ್ಚೇ ಹೆಚ್ಚಾಗಿ ಬ್ಯಾಟರಿ ಕರಗತೊಡಗುತ್ತದೆ. ಸಿಲ್ಕ್ ಬೋರ್ಡಿನ ಸಾಲಿನಲ್ಲಿ ಅರ್ಧ ಗಂಟೆ ನಿಂತೇ ಹೋಗುವವರು ಇದನ್ನು ನೆನಪಿಡಬೇಕು. ಅಂಥವರಿಗೆ 10-15 ವಾಟಿನ ಸಾದಾ ಪೋರ್ಟ್ ಸಾಕು. ಎರಡು-ಮೂರು ಫಾಸ್ಟ್ ಚಾರ್ಜಿಂಗ್ ಪೋರ್ಟ್‌ಗಳ ಜೊತೆಗೆ ಫಾಗ್ ಲ್ಯಾಂಪನ್ನೂ ಹಾಕಿಸಿದರೆ ನೂರು ಸಿಸಿಯ ಗಾಡಿಗೆ ಭಾರವಾಗುತ್ತದೆ.

ಇನ್ನು ಚಾರ್ಜರಿನ ಒಳಗೆ ನಡೆಯುವುದೇನು? ಗಾಡಿಯಲ್ಲಿರುವುದು ಹದಿನಾಲ್ಕು ವೋಲ್ಟ್, ಯುಎಸ್‌ಬಿಗೆ ಬೇಕಾದದ್ದು ಐದು. ಹೆಚ್ಚಿನದನ್ನು ಅಡ್ಡ ನಿಂತು ತಡೆದು ಬಿಸಿ ಮಾಡಿ ಕಳೆಯುವುದು ಹಳೆಯ ವಿಧಾನ. ಎರಡು ಆಂಪಿಯರಿಗೆ ಹಾಗೆ ಮಾಡಿದರೆ ಫೋನಿಗೆ ತಲುಪುವುದು 10 ವಾಟ್, ವ್ಯರ್ಥವಾಗುವುದು 18 ವಾಟ್. ಅಷ್ಟು ಬಿಸಿಗೆ ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿ ಕರಗಿಯೇ ಹೋದೀತು. ಹಾಗಾಗಿ ಈಗ ಬಳಕೆಯಲ್ಲಿರುವುದು ಬಕ್ ಕನ್ವರ್ಟರ್. ಕೆಟ್ಟ ಚಾರ್ಜರೊಂದನ್ನು ಬಿಚ್ಚಿ ನೋಡಿದರೆ ಉಗುರಿನಷ್ಟು ದೊಡ್ಡ ಹಲಗೆಯ ಮೇಲೆ ಎಂಟು ಕಾಲಿನ ಕರಿಯ ಚಿಪ್ಪು, ಪಕ್ಕದಲ್ಲಿ ಬೂದು ಬಣ್ಣದ ಫೆರೈಟಿಗೆ ಸುತ್ತಿದ ತಾಮ್ರದ ಸುರುಳಿ, ಒಂದೆರಡು ಕೆಪಾಸಿಟರ್ ಕಾಣುತ್ತವೆ. ಆ ಚಿಪ್ಪು ಒಂದು ಸ್ವಿಚ್ಚು. ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಬಾರಿ ಆನ್-ಆಫ್ ಆಗುತ್ತದೆ. ಆನ್ ಇದ್ದಾಗ ಸುರುಳಿಯ ಕಾಂತಕ್ಷೇತ್ರದಲ್ಲಿ ಶಕ್ತಿ ತುಂಬಿಕೊಳ್ಳುತ್ತದೆ, ಆಫ್ ಆದಾಗ ಅದೇ ಶಕ್ತಿ ಫೋನಿನ ಕಡೆ ಹರಿಯುತ್ತದೆ. ಒಟ್ಟು ಸಮಯದಲ್ಲಿ ಸ್ವಿಚ್ಚು ಮೂರನೇ ಒಂದರಷ್ಟು ಹೊತ್ತು ಮಾತ್ರ ಆನ್ ಇದ್ದರೆ ಹದಿನಾಲ್ಕರ ಜಾಗದಲ್ಲಿ ಸುಮಾರು ಐದು ವೋಲ್ಟ್ ಹೊರಬರುತ್ತದೆ. ಪೋಲಾಗುವುದು ನೂರರಲ್ಲಿ ಹತ್ತು-ಹದಿನೈದು ಪಾಲು ಅಷ್ಟೇ. ಇಷ್ಟು ಅಗ್ಗದ ವಸ್ತುವಿನಲ್ಲಿ ಇಷ್ಟು ಚೊಕ್ಕ ಎಂಜಿನಿಯರಿಂಗ್ ಇರುವುದು ನಿಜಕ್ಕೂ ಮೆಚ್ಚಬೇಕಾದ ಸಂಗತಿ.

ಚಾರ್ಜಿಂಗ್ ಚಿಹ್ನೆ ಮಿನುಗುತ್ತಿದ್ದರೂ ಫೋನಿನ ಶೇಕಡಾವಾರು ಇಳಿಯುತ್ತಲೇ ಹೋಗುವುದು ಬಹಳ ಜನರ ದೂರು. ಯುಎಸ್‌ಬಿ ಕೇಬಲ್‌ನಲ್ಲಿ ವಿದ್ಯುತ್ತಿನ ಎರಡು ತಂತಿಗಳ ಜೊತೆಗೆ ಮಾಹಿತಿಯ ತಂತಿಗಳೂ ಇರುತ್ತವೆ. ಎದುರಿಗಿರುವುದು ಚಾರ್ಜರೋ ಕಂಪ್ಯೂಟರೋ ಎಂದು ಫೋನು ತಿಳಿಯುವುದು ಅವುಗಳ ಮೂಲಕ. ಕಳಪೆ ಚಾರ್ಜರಿನಿಂದಲೋ ಕೇಬಲ್‌ನಿಂದಲೋ ಸರಿಯಾದ ಸೂಚನೆ ಸಿಗದಿದ್ದರೆ ಫೋನು ಎಚ್ಚರ ವಹಿಸಿ ಅರ್ಧ ಆಂಪಿಯರ್ ಮಾತ್ರ ಎಳೆದುಕೊಳ್ಳುತ್ತದೆ. ಅಂದರೆ ಎರಡೂವರೆ ವಾಟ್. ಬಿಸಿಲಿನಲ್ಲಿ ಪರದೆಯ ಬೆಳಕು ಪೂರ್ತಿ ಏರಿಸಿ ಮ್ಯಾಪು ಓಡಿಸುವ ಫೋನಿಗೆ ಅದಕ್ಕಿಂತ ಹೆಚ್ಚೇ ಬೇಕು. ಇಂಥಲ್ಲಿ ಗಾಡಿಯ ವೈರಿಂಗನ್ನು ಬೈಯುವ ಮೊದಲು ಕೇಬಲ್ ಬದಲಿಸಿ ನೋಡಬೇಕು.

ವೈರಿಂಗ್ ವಿಷಯಕ್ಕೆ ಬರೋಣ, ಅಪಾಯ ಇರುವುದು ಅಲ್ಲಿ. ಬೈಕಿನ ಇಡೀ ಚಾಸಿಸ್ ಬ್ಯಾಟರಿಯ ನೆಗೆಟಿವ್‌ಗೆ ಸೇರಿಕೊಂಡಿರುತ್ತದೆ. ಹೊಸದಾಗಿ ಎಳೆದ ಪಾಸಿಟಿವ್ ವೈರಿನ ಹೊದಿಕೆ ಎಲ್ಲಾದರೂ ಸವೆದು ತಾಮ್ರ ಕಬ್ಬಿಣಕ್ಕೆ ತಾಗಿದರೆ ಅಲ್ಲೇ ಶಾರ್ಟ್. ಸವೆಯುವ ಜಾಗವೂ ಗೊತ್ತಿರುವಂಥದ್ದೇ: ಹ್ಯಾಂಡಲ್ ತಿರುಗುವ ಕುತ್ತಿಗೆಯ ಬಳಿ, ಟ್ಯಾಂಕಿನ ಅಡಿ, ಸೀಟಿನ ಕೊಕ್ಕೆಯ ಹತ್ತಿರ. ಪುಟ್ಟ ಬ್ಯಾಟರಿ ಏನು ಮಾಡೀತು ಎಂದುಕೊಳ್ಳಬೇಡಿ. ಸೀಸ-ಆಮ್ಲ ಬ್ಯಾಟರಿಯ ಒಳರೋಧ ಬಹಳ ಕಡಿಮೆ. ಶಾರ್ಟ್ ಆದ ಗಳಿಗೆಯಲ್ಲಿ ಅದು ನೂರು ಆಂಪಿಯರ್ ಸುರಿಸಬಲ್ಲದು. ಅರ್ಧ ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿನಲ್ಲಿ ಅಷ್ಟು ಕರೆಂಟು ಹರಿದರೆ ಮೀಟರಿಗೆ ಸುಮಾರು 350 ವಾಟ್ ಶಾಖ ಹುಟ್ಟುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಹೊದಿಕೆ ಕರಗಿ ಹೊಗೆ ಏಳುತ್ತದೆ. ಅದರ ಮೇಲೆ ಇರುವುದು ಪೆಟ್ರೋಲ್.

ಇದನ್ನು ತಡೆಯುವುದು ಹತ್ತು-ಇಪ್ಪತ್ತು ರೂಪಾಯಿಯ ಫ್ಯೂಸು. ಅದು ಫೋನನ್ನು ಕಾಯಲು ಇರುವುದೆಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ಅದು ಕಾಯುವುದು ವೈರನ್ನು. ಆದ್ದರಿಂದಲೇ ಅದರ ಜಾಗ ಬ್ಯಾಟರಿಯ ಪಾಸಿಟಿವ್‌ಗೆ ಅಂಟಿಕೊಂಡಂತೆ, ಹೆಚ್ಚೆಂದರೆ ಒಂದು ಗೇಣಿನೊಳಗೆ. ಹ್ಯಾಂಡಲ್ ಹತ್ತಿರ ಫ್ಯೂಸ್ ಹಾಕಿ ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರನ್ನು ಬರಿದೇ ಬಿಟ್ಟರೆ, ಶಾರ್ಟ್ ಆಗುವ ಸಂಭವ ಹೆಚ್ಚಿರುವ ಭಾಗಕ್ಕೇ ರಕ್ಷಣೆ ಇಲ್ಲದಂತಾಗುತ್ತದೆ. ಎಷ್ಟು ಆಂಪಿಯರಿನದು ಬೇಕು? 15 ವಾಟಿನ ಪೋರ್ಟ್ ಗಾಡಿಯಿಂದ ಎಳೆಯುವುದು ಒಂದೂಕಾಲು ಆಂಪಿಯರ್, ಹಾಗಾಗಿ 3 ಆಂಪಿಯರಿನ ಫ್ಯೂಸ್ ಸಾಕು. ಫ್ಯೂಸು ಪದೇ ಪದೇ ಹೋಗುತ್ತಿದೆ ಎಂದು 15 ಆಂಪಿಯರಿನದನ್ನು ತುರುಕುವುದು, ಇಲ್ಲವೇ ತಾಮ್ರದ ಎಳೆ ಸುತ್ತುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ. ಅದು ಹೋಗುತ್ತಿದೆಯೆಂದರೆ ಎಲ್ಲೋ ವೈರು ತಾಗುತ್ತಿದೆ.

ಎರಡನೆಯ ಪ್ರಶ್ನೆ, ಕೀ ತೆಗೆದ ಮೇಲೂ ಚಾರ್ಜರಿಗೆ ಕರೆಂಟು ಹೋಗುತ್ತಿರಬೇಕೆ? ಬೇಡ. ಫೋನು ಸಿಕ್ಕಿಸದಿದ್ದರೂ ಚಾರ್ಜರಿನ ಚಿಪ್ಪು, ನೀಲಿ ಎಲ್‌ಇಡಿ, ವೋಲ್ಟ್ ತೋರಿಸುವ ಅಂಕಿಗಳು ಸೇರಿ 20 ಮಿಲಿಆಂಪಿಯರ್ ಕುಡಿಯುತ್ತವೆ ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಅವರ್ ಆಯಿತು. ಗಾಡಿ ನಿಲ್ಲಿಸಿ ಊರಿಗೆ ಹೋಗಿ ಒಂದು ವಾರ ಬಿಟ್ಟು ಬರುವಷ್ಟರಲ್ಲಿ 3 ಆಂಪಿಯರ್-ಅವರ್‌ನ ಬ್ಯಾಟರಿ ಬರಿದು. ಹಾಗೆ ಬರಿದಾಗಿ ಬಿದ್ದಿದ್ದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಟ್ಟಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಇದಕ್ಕೆ ಒಳ್ಳೆಯ ಪರಿಹಾರ ರಿಲೇ. ದಪ್ಪ ವೈರು ಬ್ಯಾಟರಿಯಿಂದ ಫ್ಯೂಸು, ರಿಲೇ ದಾಟಿ ಚಾರ್ಜರಿಗೆ ಹೋಗುತ್ತದೆ. ಕೀ ಆನ್ ಮಾಡಿದಾಗ ಜೀವ ಬರುವ ಯಾವುದಾದರೂ ವೈರಿನ ಸಣ್ಣ ಕರೆಂಟು ರಿಲೇಯ ಕಾಯಿಲ್ ಎಳೆದು ಸಂಪರ್ಕ ಕೂಡಿಸುತ್ತದೆ. ಕಂಪನಿಯ ವೈರಿಂಗಿನ ಮೇಲೆ ಹೊರೆ ಬೀಳುವುದಿಲ್ಲ, ಕೀ ತೆಗೆದರೆ ಎಲ್ಲವೂ ಸ್ತಬ್ಧ. ಹತ್ತು ವಾಟಿಗೆ ರಿಲೇ ಹೆಚ್ಚಾಯಿತು ಎನ್ನುವವರು ಕೀ ಜೊತೆ ಆನ್ ಆಗುವ ಹಾರ್ನ್ ವೈರಿನಿಂದ ತೆಗೆದುಕೊಳ್ಳುತ್ತಾರೆ. ಆಗಲಿ, ಆದರೆ ಅಲ್ಲೂ ಸಣ್ಣ ಫ್ಯೂಸೊಂದು ಬೇಕೇ ಬೇಕು. ಹೆಡ್‌ಲೈಟ್ ವೈರನ್ನು ಮಾತ್ರ ಮುಟ್ಟಬಾರದು. ಹಳೆಯ ಗಾಡಿಗಳಲ್ಲಿ ಅಲ್ಲಿ ಹರಿಯುವುದು ಎಸಿ. ಮೇಲಾಗಿ ರಾತ್ರಿ ಆ ಸಾಲು ಸತ್ತರೆ ಮುಂದಿನ ರಸ್ತೆಯೇ ಕಾಣದು.

ಬ್ಲೇಡಿನಿಂದ ವೈರಿನ ಸಿಪ್ಪೆ ಹೆರೆದು, ಇನ್ನೊಂದು ವೈರು ಸುತ್ತಿ, ಕಪ್ಪು ಟೇಪ್ ಹಚ್ಚುವ ರೂಢಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಬೇಸಿಗೆಯ ಕಾವಿಗೆ ಆ ಟೇಪಿನ ಗೋಂದು ಜಾರುತ್ತದೆ, ಮಳೆಗಾಲದಲ್ಲಿ ನೀರು ಒಳಗಿಳಿಯುತ್ತದೆ. ಡಿಸಿ ವಿದ್ಯುತ್ ಹರಿಯುವ ತಾಮ್ರ ಒದ್ದೆಯಾದರೆ ಬೇಗನೆ ಹಸಿರುಗಟ್ಟಿ ಪುಡಿಯಾಗುತ್ತದೆ. ಮಲೆನಾಡಿನ, ಕರಾವಳಿಯ ಗಾಡಿಗಳಲ್ಲಿ ಇದು ಇನ್ನೂ ಜೋರು. ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿದರೆ ವರ್ಷಗಟ್ಟಲೆ ಬಾಳುತ್ತದೆ. ಕಂಪನಿಯ ವೈರು ಕತ್ತರಿಸಿದರೆ ವಾರಂಟಿ ಕೈತಪ್ಪಬಹುದು, ಆದ್ದರಿಂದ ಹೊಸ ಗಾಡಿಗೆ ಪ್ಲಗ್ಗಿನಿಂದಲೇ ಸೇರಿಸುವ ಕಿಟ್ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ.

ಫೋನಿನ ಬಗ್ಗೆಯೂ ಎರಡು ಮಾತು. ಲಿಥಿಯಂ ಬ್ಯಾಟರಿಗೆ 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡುವುದು ಒಗ್ಗದು. ಏಪ್ರಿಲ್ ಬಿಸಿಲಿನಲ್ಲಿ ಹ್ಯಾಂಡಲ್ ಮೇಲೆ ಕೂತ ಫೋನು ಆ ಮಟ್ಟ ಮುಟ್ಟಿ ತಾನೇ ಚಾರ್ಜ್ ನಿಲ್ಲಿಸಿದರೆ ಅದು ದೋಷವಲ್ಲ, ಆತ್ಮರಕ್ಷಣೆ. ಎಂಜಿನ್ನಿನ ಅದುರು ಕ್ಯಾಮೆರಾಕ್ಕೂ ಕೆಟ್ಟದ್ದು. ದೊಡ್ಡ ಮೋಟರ್‌ಸೈಕಲ್‌ಗಳ ಕಂಪನದಿಂದ ಐಫೋನಿನ ಕ್ಯಾಮೆರಾದ ಸ್ಥಿರೀಕರಣ ವ್ಯವಸ್ಥೆ ಹಾಳಾಗಬಹುದೆಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ದೂರ ಹೋಗುವವರು ಗಾಡಿಯಿಂದ ಪವರ್ ಬ್ಯಾಂಕ್ ತುಂಬಿಸಿಕೊಂಡು, ಫೋನನ್ನು ಅದರಿಂದ ಚಾರ್ಜ್ ಮಾಡಿದರೆ ಎಂಜಿನ್ ಆಫ್ ಇದ್ದಾಗಲೂ ಬ್ಯಾಟರಿಯ ಚಿಂತೆ ಇರುವುದಿಲ್ಲ.

ದಿನವಿಡೀ ಫೋನು ನಂಬಿ ದುಡಿಯುವವರಲ್ಲಿ ಬಹುಪಾಲು ಜನ ಓಡಿಸುವುದು ಕಡಿಮೆ ಬೆಲೆಯ ಗಾಡಿಗಳನ್ನೇ. ಕೀ ಜೊತೆ ಆನ್ ಆಗುವ, ಫ್ಯೂಸ್ ಇರುವ ಒಂದು ಪ್ಲಗ್ಗನ್ನು ಅಂಥ ಗಾಡಿಗಳಿಗೂ ಕಾರ್ಖಾನೆಯಲ್ಲೇ ಕೊಡಲು ಕಂಪನಿಗಳಿಗೆ ದೊಡ್ಡ ಖರ್ಚೇನೂ ಬರುವುದಿಲ್ಲ. ಅದನ್ನು ದುಬಾರಿ ಮಾದರಿಗಳಿಗೆ ಮೀಸಲಿಡುವುದು ಸರಿಯಲ್ಲ. ಅಲ್ಲಿಯವರೆಗೆ ಹೊರಗಡೆ ಹಾಕಿಸಿಕೊಳ್ಳುವವರಲ್ಲಿ ಒಂದು ವಿನಂತಿ. ದುಡ್ಡು ಕೊಡುವ ಮೊದಲು ಸೀಟು ತೆಗೆಸಿ, ಫ್ಯೂಸ್ ಎಲ್ಲಿದೆ ತೋರಿಸಿ ಎಂದು ಮೆಕ್ಯಾನಿಕ್ ಹತ್ತಿರ ಕೇಳಿ. ತೋರಿಸಲು ಆಗದಿದ್ದರೆ, ಹಾಕಿಸಿಕೊಂಡೇ ಅಲ್ಲಿಂದ ಗಾಡಿ ತೆಗೆಯಿರಿ.