ಎಸರು ಕಲಿಸುವ ಹಿಟ್ಟಿನ ವಿಜ್ಞಾನ

ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿ ಕಡೆ ಜೋಳದ ರೊಟ್ಟಿಯ ಕೆಲಸ ಶುರುವಾಗುವುದು ಎಸರಿನಿಂದ. ಪರಾತದಲ್ಲಿ ಹಿಟ್ಟು ಹಾಕಿ, ನಡುವೆ ಗುಣಿ ಮಾಡಿ, ಕುದಿಯುವ ನೀರು ಸುರಿದು ಕಲೆಸುತ್ತಾರೆ. ಕೈ ತಾಳುವಷ್ಟು ಆರಿದಾಗ ನಾದುತ್ತಾರೆ. ಉಂಡೆಯ ಅಂಚು ಬಿರಿದರೆ ಅಂಗೈಯನ್ನು ನೀರಿಗದ್ದಿ ಮತ್ತೆ ನಾದುತ್ತಾರೆ. ಹಿಟ್ಟಿಗೆ ಜಿಗಿ ಬಂದ ಮೇಲೆಯೇ ರೊಟ್ಟಿ ಬಡಿಯುವುದು.

ಈ ಜಿಗಿ ಬರುವುದು ಎಲ್ಲಿಂದ? ಗೋಧಿ ಹಿಟ್ಟನ್ನು ಹಿಡಿದಿಡುವುದು ಗ್ಲುಟೆನ್ ಎಂಬ ಪ್ರೋಟೀನಿನ ಜಾಲ. ಜೋಳದಲ್ಲಿ ಅದಿಲ್ಲ. ಜೋಳದ ಮುಖ್ಯ ಪ್ರೋಟೀನು ಕಾಫಿರಿನ್. ಅದು ನೀರಿನಲ್ಲಿ ಕರಗುವುದಿಲ್ಲ, ಹಾಗೆ ಹೆಣೆದುಕೊಳ್ಳುವುದೂ ಇಲ್ಲ. ಹಾಗಾಗಿ ಕಟ್ಟುವ ಕೆಲಸ ಪಿಷ್ಟದ ಪಾಲಿಗೆ ಬರುತ್ತದೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಜೋಳದ ಪಿಷ್ಟದ ಕಣಗಳು ನೀರು ಹೀರಿ, ಉಬ್ಬಿ, ಅಂಟಾಗುತ್ತವೆ. ಎಸರು ತಾಗಿದಷ್ಟು ಹಿಟ್ಟು ಹೀಗೆ ಅಂಟಾಗಿ, ಉಳಿದ ಹಸಿ ಹಿಟ್ಟನ್ನು ಒಟ್ಟುಗೂಡಿಸುತ್ತದೆ.

ತಿನಿಸು ತಯಾರಿಸುವ ತ್ರೀಡಿ ಪ್ರಿಂಟರಿಗೆ ಬೇಕಾದದ್ದೂ ಇಂಥದೇ ಹದ. ಚಕ್ಕುಲಿ ಒರಳಿನ ತತ್ವವೇ ಅದರದು. ಕೊಳವೆಗೆ ತುಂಬಿದ ಹಿಟ್ಟು ಒಂದೆರಡು ಮಿಲಿಮೀಟರಿನ ಮೂತಿಯಿಂದ ಎಳೆಯಾಗಿ ಇಳಿಯುತ್ತದೆ. ಆ ಎಳೆಯನ್ನು ಕಂಪ್ಯೂಟರು ಹೇಳಿದ ಹಾದಿಯಲ್ಲಿ ಪದರದ ಮೇಲೆ ಪದರವಾಗಿ ಕೂರಿಸಲಾಗುತ್ತದೆ. ಹಿಟ್ಟು ಒತ್ತಿದಾಗ ಹರಿಯಬೇಕು, ಹೊರಬಿದ್ದೊಡನೆ ನಿಲ್ಲಬೇಕು. ನೀರು ಹೆಚ್ಚಾದರೆ ಮೇಲಿನ ಭಾರಕ್ಕೆ ಕೆಳಪದರ ಕುಸಿಯುತ್ತದೆ. ಕಡಿಮೆಯಾದರೆ ಎಳೆ ತುಂಡಾಗುತ್ತದೆ. ಹೊಟ್ಟಿನ ಚೂರು ಮೂತಿ ಕಟ್ಟುವುದರಿಂದ ಹಿಟ್ಟನ್ನು ಸಣ್ಣಗೆ ಸಾಣಿಸಬೇಕು. ಅಂಟು ಸಾಲದಿದ್ದರೆ ಗೋರಿಕಾಯಿ ಬೀಜದಿಂದ ತೆಗೆಯುವ ಗೌರ್ ಗೋಂದನ್ನು ಚಿಟಿಕೆಯಷ್ಟು ಸೇರಿಸಬಹುದು. ಎಣ್ಣೆ ಹಾಕಿದರೆ ಹಿಟ್ಟು ಸಲೀಸಾಗಿ ಜಾರುತ್ತದೆ, ಆದರೆ ಅತಿಯಾದರೆ ಕಟ್ಟು ಸಡಿಲವಾಗುತ್ತದೆ. ಚಕ್ಕುಲಿ ಹಿಟ್ಟಿಗೆ ಕಾದ ಎಣ್ಣೆ ಹೆಚ್ಚಾಗಿ, ಬಾಣಲೆಯಲ್ಲಿ ಅದು ಪುಡಿಯಾದದ್ದನ್ನು ಕಂಡವರಿಗೆ ಇದು ಗೊತ್ತು.

ತಂಜಾವೂರಿನ ಭಾರತೀಯ ಆಹಾರ ಸಂಸ್ಕರಣಾ ತಂತ್ರಜ್ಞಾನ ಸಂಸ್ಥೆಯ (ಈಗಿನ ನಿಫ್ಟೆಮ್) ವಿಜ್ಞಾನಿಗಳು ಊದಲು, ಹೆಸರುಕಾಳು, ಹುರಿಗಡಲೆ, ಓಂಕಾಳುಗಳ ಮಿಶ್ರ ಹಿಟ್ಟಿನಿಂದ ನಾರಿನಂಶವುಳ್ಳ ತಿಂಡಿಯನ್ನು ಮುದ್ರಿಸಿದ್ದಾರೆ. ಅಕ್ಕಿಯ ಪಿಷ್ಟವನ್ನೂ ಮುದ್ರಿಸಿ ನೋಡಿದ್ದಾರೆ. ಜೋಳದಂತೆ ಅಕ್ಕಿಯಲ್ಲೂ ಗ್ಲುಟೆನ್ ಇಲ್ಲ. ಅಲ್ಲೂ ಪಿಷ್ಟವನ್ನೇ ನಂಬಬೇಕು.

ಈ ಯಂತ್ರದಿಂದ ನಮಗೇನು? ಗಟ್ಟಿ ರೊಟ್ಟಿ ಅಗಿಯಲಾಗದ ಹಿರಿಯರಿಗೆ ಅದೇ ಜೋಳವನ್ನು ಬೇಕಾದಷ್ಟು ಮೃದುವಾಗಿ, ಬೇಳೆ ಸೊಪ್ಪು ಬೆರೆಸಿ ಕೊಡುವ ದಾರಿ ಇದರಲ್ಲಿದೆ. ಅದಕ್ಕೆ ಬೇಕಾದ ಮೊದಲ ಪಾಠ ಕೊಪ್ಪಳದ ಅಡುಗೆಮನೆಗಳಲ್ಲೇ ಇದೆ. ಹಿಟ್ಟನ್ನೆಲ್ಲ ಒಮ್ಮೆಗೇ ನಾದಿಡದೆ, ಒಂದೊಂದು ರೊಟ್ಟಿಗೆ ಬೇಕಾದಷ್ಟನ್ನೇ ತೆಗೆದು ನಾದುವುದು ಇಲ್ಲಿನ ರೂಢಿ. ಆರಿದಂತೆ ಪಿಷ್ಟದ ಎಳೆಗಳು ಮತ್ತೆ ಒಂದಕ್ಕೊಂದು ಕೂಡಿಕೊಂಡು ಹಿಟ್ಟು ಗಡುಸಾಗುತ್ತದೆ. ಕೊಳವೆಯೊಳಗೆ ಕಾಯುತ್ತಾ ಕೂರುವ ಹಿಟ್ಟಿಗೂ ಇದೇ ಗತಿ. ಎಸರು ಎಷ್ಟು, ಬಿಸಿ ಎಷ್ಟು, ಎಷ್ಟು ಹೊತ್ತಿನವರೆಗೆ ಜಿಗಿ ಉಳಿಯುತ್ತದೆ ಎಂಬುದನ್ನು ಪ್ರಯೋಗಾಲಯದವರು ಈ ಪರಾತಗಳ ಪಕ್ಕದಲ್ಲಿ ಕೂತು ಅಳೆದು ಬರೆದುಕೊಳ್ಳಬೇಕು.